ಲೈಫ್ ಜಾಕೆಟ್ ಬಿಚ್ಚಿ ಕೊಟ್ಟ ಕ್ಯಾಪ್ಟನ್

ಓದುಗರ ಪತ್ರ: ‘ನೌಕಾಪಡೆ ದಿನದ ಬಗ್ಗೆ ನಿಮ್ಮ ಲೇಖನ ಓದಿದೆ. ಕ್ಯಾಪ್ಟನ್ ಮುಲ್ಲಾ ಬಗ್ಗೆ ಒಂದೇ ಒಂದು ಸಾಲು ಇದೆ. ಬದುಕುವ ದಾರಿ ಇದ್ದರೂ ಹಡಗಿನ ಜೊತೆ ಮುಳುಗಿದ್ದು ಶೌರ್ಯವೇ? ಅಷ್ಟು ಪಳಗಿದ ಅಧಿಕಾರಿ ಉಳಿದಿದ್ದರೆ ದೇಶಕ್ಕೇ ಒಳ್ಳೆಯದಿತ್ತಲ್ಲವೇ?’
– ಒಬ್ಬ ನಿವೃತ್ತ ಮೇಷ್ಟ್ರು

ಸಂಪಾದಕರ ಉತ್ತರ:

ಮೇಷ್ಟ್ರೇ, ಒಂದೇ ಸಾಲಿಗೆ ಮುಗಿಸಿದ್ದು ನಮ್ಮ ತಪ್ಪು. 1971ರ ಪಾಕಿಸ್ತಾನ ಯುದ್ಧದಲ್ಲಿ ಡಿಸೆಂಬರ್ 4ರಂದು ನಮ್ಮ ನೌಕಾಪಡೆ ನಡೆಸಿದ ಕರಾಚಿ ದಾಳಿಯ ಬಗ್ಗೆ ಪುಟಗಟ್ಟಲೆ ಬರೆದೆವು. ಐದು ದಿನ ಬಿಟ್ಟು ನಡೆದದ್ದನ್ನು ಅವಸರದಲ್ಲಿ ದಾಟಿಬಿಟ್ಟೆವು.

ಮಹೇಂದ್ರನಾಥ ಮುಲ್ಲಾ ಹುಟ್ಟಿದ್ದು 1926ರ ಮೇ 15ರಂದು, ಗೋರಖ್‌ಪುರದಲ್ಲಿ. ಕಾನೂನು ಬಲ್ಲವರ ಮನೆತನ. ಇವರು ಮಾತ್ರ ಕರಿ ಕೋಟು ಹಾಕಲಿಲ್ಲ, 1948ರಲ್ಲಿ ನೌಕಾಪಡೆಯ ಅಧಿಕಾರಿಯಾದರು. ಆದರೂ ಮನೆಯ ವಿದ್ಯೆ ಕೈಬಿಡಲಿಲ್ಲ. ಕೋರ್ಟ್ ಮಾರ್ಷಲ್‌ಗೆ (ಸೇನೆಯೊಳಗಿನ ವಿಚಾರಣೆಗೆ) ಸಿಕ್ಕಿಕೊಂಡವರು ತಮ್ಮ ಪರ ವಾದ ಮಾಡಲು ಇವರನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಕಷ್ಟದಲ್ಲಿ ಇರುವವನ ಪಕ್ಕ ನಿಲ್ಲುವುದು ಅವರಿಗೆ ಹಡಗು ಮುಳುಗಿದ ರಾತ್ರಿ ಹೊಸದಾಗಿ ಬಂದ ಗುಣವಲ್ಲ.

1971ರಲ್ಲಿ ಅವರು ಐಎನ್‌ಎಸ್ ಖುಕ್ರಿ ಎಂಬ ಯುದ್ಧನೌಕೆಯ ಕ್ಯಾಪ್ಟನ್. ಅಂಥ ಯುದ್ಧನೌಕೆಗಳ ತಂಡವಾದ 14ನೇ ಫ್ರಿಗೇಟ್ ಸ್ಕ್ವಾಡ್ರನ್ ಕೂಡ ಅವರ ಕೈಯಲ್ಲೇ ಇತ್ತು. ಗುಜರಾತ್ ಕರಾವಳಿಯ ಆಚೆ ಪಾಕಿಸ್ತಾನದ ಸಬ್‌ಮರೀನ್ ಓಡಾಡುತ್ತಿದೆ, ಹುಡುಕಿ ಹೊಡೆಯಿರಿ ಅಂತ ಆದೇಶ ಬಂತು. ಖುಕ್ರಿ ಮತ್ತು ಅದೇ ತಂಡದ ಕಿರ್ಪಾಣ್ ಹೊರಟವು. ಆ ಸಬ್‌ಮರೀನ್ ಹೆಸರು ಹಂಗೋರ್. ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಆಗಿನ್ನೂ ಹೊಸದು. ಅದರ ಸೋನಾರ್‌ಗೆ, ಅಂದರೆ ನೀರೊಳಗಿನ ಸದ್ದು ಹಿಡಿಯುವ ಯಂತ್ರಕ್ಕೆ, ನಮ್ಮ ಹಡಗುಗಳ ಸದ್ದು ಬಹಳ ದೂರದಿಂದಲೇ ಕೇಳುತ್ತಿತ್ತು. ನಮ್ಮ ಹಡಗುಗಳಿಗೆ ಅಷ್ಟು ದೂರದ ಕಿವಿ ಇರಲಿಲ್ಲ.

ಡಿಸೆಂಬರ್ 9ರ ರಾತ್ರಿ, ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲು ದೂರ. ಹಂಗೋರ್ ಕಿರ್ಪಾಣ್ ಕಡೆ ಬಿಟ್ಟ ಮೊದಲ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸಿಡಿಗುಂಡು) ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಹಡಗು ಮುಳುಗಲು ಕೆಲವೇ ನಿಮಿಷ ಸಾಕಾಯಿತು. ಕೆಳಗಿನ ಡೆಕ್‌ಗಳಲ್ಲಿ ಇದ್ದವರಿಗೆ ಮೇಲೆ ಬರಲು ಆಗಲೇ ಇಲ್ಲ.

ಈಗ ನಿಮ್ಮ ಪ್ರಶ್ನೆ. ಬದುಕುವ ದಾರಿ ಇತ್ತೇ? ಇತ್ತು. ಲೈಫ್ ಜಾಕೆಟ್ ಅವರ ಹತ್ತಿರ ಇತ್ತು, ಅದನ್ನು ಒಬ್ಬ ನಾವಿಕನಿಗೆ ಕೊಟ್ಟರು. ಬಿಟ್ಟು ಹೋಗಲು ಮನಸ್ಸಿಲ್ಲದೆ ನಿಂತಿದ್ದವರನ್ನು ತಾವೇ ಸಮುದ್ರಕ್ಕೆ ತಳ್ಳಿದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಆಮೇಲೆ ನಡೆದದ್ದನ್ನೇ ನೀವು ‘ಹಡಗಿನ ಜೊತೆ ಮುಳುಗಿದ್ದು’ ಅಂದಿರಿ. ಅವರಿಗೆ ಮರಣೋತ್ತರವಾಗಿ ಕೊಟ್ಟ ಮಹಾವೀರ ಚಕ್ರದ ಪ್ರಶಸ್ತಿ ಪತ್ರ ಬೇರೆಯೇ ಹೇಳುತ್ತದೆ. ಆದಷ್ಟು ಜನರನ್ನು ಹೊರಗೆ ಕಳಿಸಿದ ಮೇಲೆ, ಇನ್ನೂ ಯಾರನ್ನಾದರೂ ಉಳಿಸಲು ಆಗುತ್ತದೆಯೇ ಅಂತ ನೋಡಲು ಮತ್ತೆ ಬ್ರಿಜ್‌ಗೆ (ಹಡಗು ನಡೆಸುವ ಜಾಗಕ್ಕೆ) ಹೋದರು ಅಂತ ಅದರಲ್ಲಿದೆ.

ಸಾಯಲು ಹೋದವರಲ್ಲ, ಮೇಷ್ಟ್ರೇ. ಕೆಲಸ ಮುಗಿದಿಲ್ಲ ಅಂತ ಹೋದವರು. ಕೆಳಗೆ ತಮ್ಮ ಹುಡುಗರು ಇನ್ನೂ ಸಿಕ್ಕಿಕೊಂಡಿರುವಾಗ ‘ನಾನು ಪಳಗಿದ ಅಧಿಕಾರಿ, ನಾನು ಉಳಿಯಬೇಕು’ ಅಂತ ಲೆಕ್ಕ ಹಾಕುವ ಮನುಷ್ಯ ಅವರಾಗಿದ್ದರೆ, ಆ ಜಾಕೆಟ್ ಅವರ ಮೈಮೇಲೇ ಇರುತ್ತಿತ್ತು, ಅಲ್ವಾ?

18 ಅಧಿಕಾರಿಗಳು, 176 ನಾವಿಕರು ಹೋದರು. 67 ಜನ ಉಳಿದರು. ಸ್ವಾತಂತ್ರ್ಯ ಬಂದ ಮೇಲೆ ಯುದ್ಧದಲ್ಲಿ ನಮ್ಮ ನೌಕಾಪಡೆ ಕಳೆದುಕೊಂಡ ಯುದ್ಧನೌಕೆ ಇದೊಂದೇ. ದಿಯುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲೆ, ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ ಇಟ್ಟಿದ್ದಾರೆ. ಆ ಕಡೆ ಹೋದರೆ ಸುಮ್ನೆ ಬೀಚ್ ನೋಡಿ ಬರಬೇಡಿ, ಅಲ್ಲಿಗೂ ಹೋಗಿ ಬನ್ನಿ.

1971ರಲ್ಲಿ ನೌಕಾಪಡೆಯಲ್ಲಿ ಇದ್ದವರು, ಅವರ ಮನೆಯವರು ನಮ್ಮ ಓದುಗರಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಡಿಸೆಂಬರ್ ಸಂಚಿಕೆಯಲ್ಲಿ ಖುಕ್ರಿಗೆ ಪೂರ್ತಿ ಎರಡು ಪುಟ ತೆಗೆದಿಟ್ಟಿದ್ದೇವೆ.