ಬೂಲ್ ಲೇಖನ: ಮಳೆ ಕಡಿಮೆ ಮಾಡಿ, ಗಣಿತ ಹೆಚ್ಚಿಸಿ

ನಮಸ್ಕಾರ,

ಗಣಿತಜ್ಞ ಜಾರ್ಜ್ ಬೂಲ್ ಕುರಿತ ನಿಮ್ಮ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆವು. ಹಾಗಂತ ಕೈಬಿಡಬೇಡಿ. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಬೂಟು ಹೊಲಿಯುವವರ ಮಗ 19ನೇ ವಯಸ್ಸಿಗೆ ಸ್ವಂತ ಶಾಲೆ ತೆರೆದು ಮನೆ ನಡೆಸಿದ್ದು, ಪದವಿಯೇ ಇಲ್ಲದೆ 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರಾಧ್ಯಾಪಕರಾದದ್ದು, ಈ ಭಾಗ ಸೊಗಸಾಗಿದೆ. ಅದನ್ನು ಮುಟ್ಟಬೇಡಿ.

ತೊಂದರೆ ಇರುವುದು ಮಳೆಯಲ್ಲಿ. 1864ರಲ್ಲಿ ಮಳೆಯಲ್ಲಿ ನಡೆದು ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಜ್ವರ ಹಿಡಿದು ಡಿಸೆಂಬರ್ 8ರಂದು ತೀರಿಕೊಂಡರು. ಇದಕ್ಕೆ ಎರಡು ಸಾಲು ಸಾಕು, ನೀವು ಮೂರು ಪ್ಯಾರಾ ಕೊಟ್ಟಿದ್ದೀರಿ. ಗಣಿತಕ್ಕೆ ಉಳಿದದ್ದು 'ತರ್ಕವನ್ನು ಬೀಜಗಣಿತವಾಗಿಸಿದರು' ಎಂಬ ಒಂದೇ ವಾಕ್ಯ. ಹೇಗೆ ಎಂದು ಓದುಗರು ಕೇಳುತ್ತಾರೆ.

ಹೀಗೆ ಬರೆದು ನೋಡಿ. ಕ ಎಂದರೆ ಕೆಂಪಾದವೆಲ್ಲ, ಹ ಎಂದರೆ ಹೂಗಳೆಲ್ಲ. ಕ × ಹ ಎಂದರೆ ಕೆಂಪು ಹೂಗಳು. ಇನ್ನು ಕೆಂಪಾದವುಗಳಲ್ಲೇ ಮತ್ತೆ ಕೆಂಪಾದವನ್ನು ಆರಿಸಿದರೆ? ಸಿಗುವುದು ಅವೇ. ಅಂದರೆ ಕ × ಕ = ಕ. ಮಾಮೂಲಿ ಸಂಖ್ಯೆಗಳಲ್ಲಿ ಇದು ನಡೆಯುವುದು 0 ಮತ್ತು 1ಕ್ಕೆ ಮಾತ್ರ. ಬೂಲ್‌ಗೆ 0 ಎಂದರೆ ಏನೂ ಇಲ್ಲ, 1 ಎಂದರೆ ಎಲ್ಲವೂ. ಈಗ ಪಕ್ಷಾಂತರ ಮಾಡಿ: ಕ × (1 − ಕ) = 0. ಎಲ್ಲದರಿಂದ ಕೆಂಪಾದವನ್ನು ಕಳೆದ 1 − ಕ ಎಂದರೆ ಕೆಂಪಲ್ಲದವು. ಕೆಂಪೂ ಆಗಿ, ಕೆಂಪಲ್ಲದ್ದೂ ಆದ ವಸ್ತು ಒಂದೂ ಇಲ್ಲ! ಅರಿಸ್ಟಾಟಲ್ ಎಲ್ಲಕ್ಕೂ ಮೂಲ ಎಂದಿಟ್ಟ ನಿಯಮ ಎರಡೇ ಹೆಜ್ಜೆಯಲ್ಲಿ ಲೆಕ್ಕವಾಗಿ ಬಂತು. ನಿಮ್ಮ ಲೇಖನದ ಜೀವಾಳ ಇಲ್ಲಿರಬೇಕು.

'1 + 1 = 1 ಎಂದರು ಬೂಲ್' ಎಂಬ ಸಾಲು ತಪ್ಪು. 1854ರ ಅವರ ಪುಸ್ತಕದಲ್ಲಿ ಕೂಡುವ ಚಿಹ್ನೆ ಇರುವುದು ಸಾಮಾನ್ಯ ಅಂಶವಿಲ್ಲದ ಗುಂಪುಗಳಿಗೆ ಮಾತ್ರ. ಕ + ಕ = ಕ ಎಂದವರು ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ಜೆವನ್ಸ್, ಪತ್ರ ಬರೆದು ಕೇಳಿದರೂ ಬೂಲ್ ಒಪ್ಪಲಿಲ್ಲ. ಎಂಜಿನಿಯರಿಂಗ್ ಪಠ್ಯದಲ್ಲಿ ಓದಿದ್ದನ್ನು ನೂರೈವತ್ತು ವರ್ಷ ಹಿಂದಕ್ಕೆ ಹೊರಿಸಿದಾಗ ಇಂಥ ಎಡವಟ್ಟಾಗುತ್ತದೆ. 'ಕಂಪ್ಯೂಟರ್ ಪಿತಾಮಹ' ಎಂಬ ಶೀರ್ಷಿಕೆಯೂ ಬೇಡ. ಈ ಬೀಜಗಣಿತ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸರ್ಕ್ಯೂಟಿಗೆ ಒಗ್ಗುತ್ತದೆಂದು ಅಮೆರಿಕದ ಕ್ಲಾಡ್ ಶಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ್ದು 1937ರಲ್ಲಿ.

ಬೂಲ್ ಅವರ ಪತ್ನಿ ಮೇರಿಯವರನ್ನು 'ಸರ್ವೇಯರ್ ಎವರೆಸ್ಟರ ಸಹೋದರನ ಮಗಳು' ಎಂದಷ್ಟೇ ಹೇಳಿ ಮುಗಿಸಿದ್ದೀರಿ, ಅದು ಅನ್ಯಾಯ. ಗಂಡ ಹೋದ ಮೇಲೆ ಐದು ಹೆಣ್ಣುಮಕ್ಕಳನ್ನು ಸಾಕಿದರು, ಮಕ್ಕಳಿಗೆ ಗಣಿತ ಕಲಿಸುವ ಬಗ್ಗೆ ಪುಸ್ತಕ ಬರೆದರು. ಮೂರನೆಯ ಮಗಳು ಅಲಿಶಿಯಾ ನಾಲ್ಕು ಆಯಾಮದ ಆಕೃತಿಗಳನ್ನು ಕೊಯ್ದರೆ ಹೇಗೆ ಕಾಣುತ್ತವೆಂದು ರಟ್ಟಿನಲ್ಲಿ ಮಾಡಿ ತೋರಿಸಿದವರು. ಮಳೆಯಿಂದ ಉಳಿಯುವ ಜಾಗವನ್ನು ಇವರಿಬ್ಬರಿಗೆ ಕೊಟ್ಟು, ತಿದ್ದಿದ ಪ್ರತಿಯನ್ನು ಮತ್ತೆ ಕಳಿಸಿ.