ಬಾಣಂತಿಗೆ ಜ್ವರ, ಕೆಮ್ಮು: ಎದೆಹಾಲು ನಿಲ್ಲಿಸಬೇಕೆ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಇವತ್ತಿಗೆ 12 ದಿನ. ವಾರದಿಂದ ಜಡಿಮಳೆ, ಮನೆಮಂದಿಗೆಲ್ಲ ಶೀತ. ನಿನ್ನೆಯಿಂದ ಮಗಳಿಗೂ ಜ್ವರ, ಮೈಕೈ ನೋವು, ಕೆಮ್ಮು. ‘ಹಾಲಿನ ಜೊತೆ ಜ್ವರ ಕೂಸಿಗೂ ಇಳಿಯುತ್ತೆ, ವಾಸಿಯಾಗೋವರೆಗೆ ಹಸುವಿನ ಹಾಲು ಹಾಕಿ’ ಅಂತ ಬೀಗಿತ್ತಿ ಫೋನ್ ಮಾಡಿ ಹೇಳುತ್ತಿದ್ದಾರೆ. ಮಗಳು ಹಾಲೂಡಿಸಲು ಹೆದರಿ ಅಳುತ್ತಾಳೆ. ಏನು ಮಾಡಲಿ?

ಉತ್ತರ: ಅಮ್ಮ, ಹಾಲು ನಿಲ್ಲಿಸಬೇಡಿ. ಮಗಳ ಕೈ ಸೋಪಿನಲ್ಲಿ ತೊಳೆಸಿ, ಮಾಸ್ಕ್ ಹಾಕಿಸಿ, ಕೂಸನ್ನು ಮಡಿಲಿಗೆ ಕೊಡಿ. ಉಳಿದದ್ದನ್ನು ಆಮೇಲೆ ಓದಿ.

ಫ್ಲೂ, ಕೋವಿಡ್, ಆರ್‌ಎಸ್‌ವಿ (ಶೀತ, ಕೆಮ್ಮು ತರುವ ಇನ್ನೊಂದು ವೈರಸ್) ಯಾವುದೇ ಇರಲಿ, ಇವು ಹರಡುವುದು ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಿಂದ, ಮೂಗು ಒರೆಸಿದ ಕೈಯಿಂದ. ಹಾಲಿನಿಂದಲ್ಲ. ಕೋವಿಡ್ ಬಂದ 2020ರಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಸೋಂಕಿತ ತಾಯಂದಿರಿಗೆ ಹಾಲೂಡಿಸುವುದನ್ನು ಮುಂದುವರಿಸಿ ಎಂದೇ ಹೇಳಿತು. ಇನ್ನೊಂದು ಮಾತು: ಫ್ಲೂ ವೈರಸ್ ಜ್ವರ ಕಾಣಿಸುವುದಕ್ಕೆ ಒಂದು ದಿನ ಮೊದಲೇ ಹೊರಬೀಳುತ್ತಿರುತ್ತದೆ. ಅಂದರೆ ಕೂಸಿಗೆ ಅದು ಈಗಾಗಲೇ ತಗುಲಿರಬಹುದು. ಇದೇ ಹೊತ್ತಿಗೆ ಮಗಳ ದೇಹ ಆ ವೈರಸ್ ವಿರುದ್ಧ ಪ್ರತಿಕಾಯ ತಯಾರಿಸಿ ಹಾಲಿಗೆ ಸೇರಿಸುತ್ತಿರುತ್ತದೆ. ಅವು ಕೂಸಿನ ಗಂಟಲಿಗೆ, ಕರುಳಿಗೆ ಲೇಪದಂತೆ ಅಂಟಿ ಕಾಯುತ್ತವೆ. ಬೇಕಾದ ದಿನವೇ ಅದನ್ನು ಕಿತ್ತುಕೊಂಡರೆ ಹೇಗೆ?

ಕೆಲವು ವರ್ಷದ ಹಿಂದೆ ಇಂಥದ್ದೇ ಮಳೆಯಲ್ಲಿ ಸಕಲೇಶಪುರ ಕಡೆಯಿಂದ ಒಂದು ಕೂಸನ್ನು ತಂದಿದ್ದರು. ತಾಯಿಗೆ ಜ್ವರ ಎಂದು ನಾಲ್ಕು ದಿನದಿಂದ ಒಳಲೆಯಲ್ಲಿ ನೀರು ಬೆರೆಸಿದ ಹಸುವಿನ ಹಾಲು. ಒಳಲೆಯ ಮೂತಿಯಲ್ಲಿ ಹಳೇ ಹಾಲು ಒಣಗಿ ಹಳದಿಗಟ್ಟಿತ್ತು. ಕೂಸಿಗೆ ಶೀತವೇ ಇರಲಿಲ್ಲ, ಭೇದಿ ಹಿಡಿದಿತ್ತು. ಹಿಂದಿನ ದಿನವೆಲ್ಲ ಎರಡೇ ಸಲ ಉಚ್ಚೆ. ಅತ್ತ ತಾಯಿಯ ಎದೆ ಕಟ್ಟಿ ಕಲ್ಲಾಗಿತ್ತು. ಆ ತಾಯಿಯ ಮುಖ ನನಗೆ ಇನ್ನೂ ನೆನಪಿದೆ. ಕೂಸು ಉಳಿಯಿತು, ಆದರೆ ಆ ನೋವು ಬೇಕಿರಲಿಲ್ಲ.

ನಾವು ತಡೆಯಬೇಕಾದದ್ದು ಕೆಮ್ಮಿನ ಹನಿಯನ್ನು. ಹಾಲೂಡಿಸುವಾಗ, ಎತ್ತಿಕೊಳ್ಳುವಾಗ ಮಾಸ್ಕ್ ಇರಲಿ, ಒದ್ದೆಯಾದರೆ ಬದಲಿಸಿ. ಸೆರಗು ಮುಚ್ಚಿಕೊಂಡರೆ ಸಾಲದು. ಸೆರಗಿನದೇ ಒಂದು ಕಥೆ: ಮೂಗು ಒರೆಸಿಕೊಂಡ ತುದಿಯಲ್ಲೇ ಕೂಸಿನ ಬಾಯಿ ಒರೆಸುವುದನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಕೂಸಿಗೆ ಬೇರೆ ಬಟ್ಟೆ ಇಡಿ. ಮುಟ್ಟುವ ಮೊದಲು ಸೋಪು ಹಚ್ಚಿ 20 ಸೆಕೆಂಡಾದರೂ ಕೈ ಉಜ್ಜಿ ತೊಳೆಯಬೇಕು. ಎದೆ ಮೇಲೆ ಕೆಮ್ಮಿದ್ದರೆ ಅಲ್ಲಿಯೂ ತೊಳೆದರಾಯಿತು, ಪ್ರತಿ ಸಲ ಬೇಡ. ಹಾಲು ಕುಡಿದಾದ ಮೇಲೆ ಕೂಸು ಒಂದು ಮಾರು ದೂರ ಮಲಗಲಿ, ಮನೆಯಲ್ಲಿ ಶೀತವಿಲ್ಲದವರು ನೋಡಿಕೊಳ್ಳಲಿ. ಎಲ್ಲರಿಗೂ ಶೀತ ಎಂದಿದ್ದೀರಿ. ಹಾಗಾದರೆ ನಿಮಗೂ ಮಾಸ್ಕ್ ಬೇಕು. ತೊಟ್ಟಿಲ ಶಾಸ್ತ್ರವನ್ನು ಮುಂದಕ್ಕೆ ಹಾಕಿ. ಬಾಣಂತಿ ಕೋಣೆಯ ಕಿಟಕಿ ಸ್ವಲ್ಪ ತೆರೆದಿರಲಿ. ಕೆಂಡ, ಸಾಂಬ್ರಾಣಿ ಹೊಗೆ ಒಳಗೆ ಬೇಡ. ಹೊಗೆ ಆ ಪುಟ್ಟ ಶ್ವಾಸನಾಳಕ್ಕೆ ವೈರಸ್ಸಿನಷ್ಟೇ ಕಾಟ. ಜೇನು, ಕತ್ತೆ ಹಾಲು, ಬಜೆ ತೇಯ್ದದ್ದು ಯಾವುದೂ ಬೇಡ.

ಮಗಳಿಗೆ ಕೂರಲೂ ಆಗದಷ್ಟು ಸುಸ್ತಾದರೆ ಹಾಲು ಹಿಂಡಿ ಕುದಿಸಿದ ಬಟ್ಟಲಿನಲ್ಲಿ ಇಡಿ. ಹೊರಗೆ ನಾಲ್ಕು ಗಂಟೆ ಕೆಡುವುದಿಲ್ಲ. ಕುದಿಸಿದ ಒಳಲೆಯಲ್ಲೇ ಕುಡಿಸಿ, ಬಾಟಲಿ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಫ್ಲೂ ಎಂದು ವೈದ್ಯರು ಒಸೆಲ್ಟಾಮಿವಿರ್ ಬರೆದರೂ ಹಾಲೂಡಿಸಲು ಅಡ್ಡಿಯಿಲ್ಲ. ಅಂಗಡಿಯಿಂದ ಮೂಗು ಕಟ್ಟಿದ್ದಕ್ಕೆ ಮಾತ್ರೆ ತರಬೇಡಿ; ಕೆಲವು ಹಾಲನ್ನೇ ಕಡಿಮೆ ಮಾಡುತ್ತವೆ. ಕೆಮ್ಮು ಎರಡು ವಾರ ದಾಟಿದರೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಿ.

ಈಗ ಕೂಸಿನ ಮೇಲೆ ಕಣ್ಣಿಡಿ. ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿ ಪೂರಾ ಒಂದು ನಿಮಿಷ ಎಣಿಸಿ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಪಕ್ಕೆ ಒಳಗೆಳೆದರೆ, ಉಸಿರು ನಡುನಡುವೆ ನಿಂತರೆ, ಎಬ್ಬಿಸಿದರೂ ಹಾಲು ಚೀಪದಿದ್ದರೆ, ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ತಣ್ಣಗಾಗಿ ಎದೆಗಪ್ಪಿದರೂ ಬಿಸಿಯಾಗದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಈ ವಯಸ್ಸಿನ ಕೂಸಿಗೆ ಮನೆಯಲ್ಲಿ ಜ್ವರದ ಔಷಧಿ ಹಾಕುವಂತಿಲ್ಲ. ಆಶಾ ಕಾರ್ಯಕರ್ತೆ 14ನೇ ದಿನ ಬರುವವರಿದ್ದಾರೆ, ಅವರಿಗೆ ಇವತ್ತೇ ತಿಳಿಸಿ.

ಬೀಗಿತ್ತಿಗೆ ಬೇಸರವಾಗದ ಹಾಗೆ ಹೇಳಿ. ಅವರ ಹೆದರಿಕೆಯೂ ಕೂಸಿಗಾಗಿಯೇ.

ಪ್ರಶ್ನೆ: ನನಗೆ ಏಳು ತಿಂಗಳು. ಫ್ಲೂ ಲಸಿಕೆ ಹಾಕಿಸಿಕೊಳ್ಳಬಹುದೆ? (ಅರಸೀಕೆರೆ)

ಉತ್ತರ: ಹಾಕಿಸಿಕೊಳ್ಳಿ, ನಿಮ್ಮ ಹೆರಿಗೆ ವೈದ್ಯರಿಗೆ ಹೇಳಿಯೇ. ಆರು ತಿಂಗಳು ತುಂಬದ ಮಕ್ಕಳಿಗೆ ಫ್ಲೂ ಲಸಿಕೆ ಇಲ್ಲ. ನೀವು ಈಗ ಚುಚ್ಚಿಸಿಕೊಂಡರೆ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹೋಗಿ ಮೊದಲ ತಿಂಗಳುಗಳನ್ನು ಕಾಯುತ್ತವೆ. ನಾಯಿಕೆಮ್ಮಿನ ಲಸಿಕೆಯನ್ನೂ 27ರಿಂದ 36ನೇ ವಾರದೊಳಗೆ ಕೊಡುತ್ತಾರೆ, ಅದನ್ನೂ ಅದೇ ಭೇಟಿಯಲ್ಲಿ ಕೇಳಿ.