ಸಂಪಾದಕರ ಉತ್ತರ: ಜಗಲಿಯಿಂದ ಹಾರಿದ ನಾಯಿಯ ಬೆನ್ನು

ಮಂಡ್ಯದ ಓದುಗರೊಬ್ಬರ ಮನೆಯ ಐದು ವರ್ಷದ ಡ್ಯಾಶ್‌ಹಂಡ್ (ಗಿಡ್ಡ ಕಾಲು, ಉದ್ದ ಮೈಯ ತಳಿ) ಹೆಣ್ಣುನಾಯಿ ಒಂದು ಸಂಜೆ ಜಗಲಿಯಿಂದ ಅಂಗಳಕ್ಕೆ ಹಾರಿ, ಒಮ್ಮೆ ಕಿರುಚಿ, ಮರುದಿನ ಬೆಳಗಾಗುವಷ್ಟರಲ್ಲಿ ಹಿಂಗಾಲುಗಳನ್ನು ಎಳೆಯತೊಡಗಿತು. ನೆರೆಯವರ ಮಾತು ಕೇಳಿ ಅವರು ಎರಡು ದಿನ ಎಳ್ಳೆಣ್ಣೆ ಹಚ್ಚಿ ನೀವಿದರು. ಮೂರನೆಯ ದಿನ ಪಶುವೈದ್ಯರು ಡಿಸ್ಕ್ ಜಾರಿದೆಯೆಂದು ಔಷಧ ಕೊಟ್ಟು ಕಟ್ಟುನಿಟ್ಟಿನ ವಿಶ್ರಾಂತಿ ಹೇಳಿದ್ದಾರೆ. ಹಾರಲು ಬಿಟ್ಟದ್ದು ಮಗನ ತಪ್ಪೇ, ಬೆನ್ನಿನ ರೋಗ ಬಾರದ ತಳಿ ಯಾವುದು, ಗುಣವಾದ ಮೇಲೆ ಮೈಸೂರಿನ ಪರಿಚಯದವರ ಗಂಡು ನಾಯಿಯೊಂದಿಗೆ ಕೂಡಿಸಿ ಮರಿ ಹಾಕಿಸಬಹುದೇ ಎಂದು ಅವರು ಕೇಳಿದ್ದಾರೆ.

ತಪ್ಪು ನಿಮ್ಮ ಮಗನದಲ್ಲ. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕಿನೊಳಗೆ ಲೋಳೆಯಂಥ ತಿರುಳು, ಅದರ ಸುತ್ತ ನಾರಿನ ಉಂಗುರ ಇರುತ್ತವೆ. ಉದ್ದ ಕಾಲಿನ ಬಹುಪಾಲು ನಾಯಿಗಳಲ್ಲಿ ಈ ತಿರುಳು ವರ್ಷಗಟ್ಟಲೆ ಮೆತ್ತಗಿದ್ದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಡ್ಯಾಶ್‌ಹಂಡಿನಲ್ಲಾದರೋ ಅದು ಮರಿತನದಲ್ಲಿಯೇ ಒಣಗತೊಡಗಿ, ಕೆಲವು ಡಿಸ್ಕುಗಳಲ್ಲಿ ಸುಣ್ಣಗಟ್ಟಿ, ಉಂಗುರ ಹರಿದ ದಿನ ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಸ್ವೀಡನ್ನಿನ ಪಶುವೈದ್ಯ ಸಂಶೋಧಕ ಹಾನ್ಸೆನ್ ಅವರು 1952ರಲ್ಲಿಯೇ ಈ ಬಗೆಯನ್ನು, ಮುದಿ ನಾಯಿಗಳಲ್ಲಿ ನಿಧಾನವಾಗಿ ಉಬ್ಬುವ ಡಿಸ್ಕಿನಿಂದ ಬೇರ್ಪಡಿಸಿ ವಿವರಿಸಿದ್ದರು. ಇದರ ಹಿಂದೆ 12ನೆಯ ವರ್ಣತಂತುವಿನಲ್ಲಿರುವ ಎಫ್‌ಜಿಎಫ್‌4 ಎಂಬ ಜೀನಿನ ಒಂದು ಹೆಚ್ಚುವರಿ ಪ್ರತಿ ಇದೆಯೆಂಬುದು 2017ರಲ್ಲಿ ತಿಳಿಯಿತು. ಅದೇ ಜೀನಿನ ಇನ್ನೊಂದು ಹೆಚ್ಚುವರಿ ಪ್ರತಿ, 18ನೆಯ ವರ್ಣತಂತುವಿನದು, ಕಾಲುಗಳನ್ನು ಗಿಡ್ಡಗೊಳಿಸುತ್ತದೆಂದು 2009ರಲ್ಲಿ ಗೊತ್ತಾಗಿತ್ತು. ನಾವು ಮುದ್ದಿನಿಂದ ಆರಿಸಿಕೊಂಡ ಗಿಡ್ಡ ಕಾಲೂ ಅದರ ಜೊತೆಗೆ ಬಂದ ಬೆನ್ನಿನ ದೌರ್ಬಲ್ಯವೂ ಹತ್ತಿರದ ನಂಟರು. ಈ ತಳಿಯ ಐದು ನಾಯಿಗಳಲ್ಲಿ ಸುಮಾರು ಒಂದು ತನ್ನ ಜೀವಮಾನದಲ್ಲಿ ಈ ತೊಂದರೆಗೆ ಸಿಲುಕುತ್ತದೆ. ಮೂರರಿಂದ ಏಳು ವರ್ಷದ ನಡುವೆ ಹೆಚ್ಚು. ಜಗಲಿ ಕೊನೆಯ ನೆಪವಾಯಿತು, ಅಷ್ಟೆ.

ನೀವಿದ್ದು ಮಾತ್ರ ಸರಿಯಲ್ಲ. ಮನಸ್ಸು ಒಳ್ಳೆಯದೇ, ಆದರೆ ಹರಿದ ಡಿಸ್ಕಿನ ಮೇಲೆ ಅಮುಕಿದರೆ ಉಳಿದ ತಿರುಳೂ ಹೊರಬರಬಹುದು. ಇಂಥ ಹೊತ್ತಿನಲ್ಲಿ ನೋಡಬೇಕಾದದ್ದು ಒಂದೇ: ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಚಿವುಟಿದಾಗ ನಾಯಿ ತಿರುಗಿ ನೋಡುತ್ತದೆಯೇ, ನರಳುತ್ತದೆಯೇ? ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಸಾಲದು, ಏಕೆಂದರೆ ಹುರಿಯ ಕೆಳಭಾಗ ಮಿದುಳಿನ ಸಂಪರ್ಕವಿಲ್ಲದೆಯೂ ಅಷ್ಟನ್ನು ಮಾಡಬಲ್ಲದು. ನಿಮ್ಮ ನಾಯಿ ತಿರುಗಿ ನೋಡುತ್ತದೆಂದು ಬರೆದಿದ್ದೀರಿ. ನನಗೆ ಭರವಸೆ ಮೂಡಿಸಿದ್ದು ಆ ಸಾಲು. ನೋವಿನ ಅರಿವಿರುವ ನಾಯಿಗಳಲ್ಲಿ ಹೆಚ್ಚಿನವು ಮತ್ತೆ ನಡೆಯುತ್ತವೆ. ಅದು ಪೂರ್ತಿ ಹೋದರೆ ಶಸ್ತ್ರಚಿಕಿತ್ಸೆ ಮಾಡಿದರೂ ಸುಮಾರು ಅರ್ಧದಷ್ಟು ಮಾತ್ರ ಚೇತರಿಸಿಕೊಳ್ಳುತ್ತವೆ. ಆದ್ದರಿಂದ ಆ ಅರಿವು ಕುಂದಿದಂತೆ ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರಿಗೆ ತಿಳಿಸಿ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮಾಡುವ ಕಡೆಗೆ ಹೊರಡಿ.

ಅರಿವು ಈಗಿನಂತೆಯೇ ಇದ್ದರೆ ಕನಿಷ್ಠ ನಾಲ್ಕು ವಾರ ನಾಯಿ ಸಣ್ಣ ಗೂಡಿನಲ್ಲಿಯೇ ಇರಲಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇರಬೇಕು. ಹಳೆಯ ಮನೆಗಳ ಕಾವಿ ನೆಲ ನುಣುಪು, ಮೇಲೆ ಚಾಪೆ ಹಾಸಿ. ಮೂತ್ರ ತಾನಾಗಿ ಹೋಗುತ್ತಿದೆಯೇ ಎಂಬುದನ್ನು ದಿನವೂ ಗಮನಿಸಿ. ಕಟ್ಟಿಕೊಂಡರೆ ಕೈಯಿಂದ ಒತ್ತಿ ಖಾಲಿ ಮಾಡುವುದನ್ನು ವೈದ್ಯರಿಂದಲೇ ಕಲಿತುಕೊಳ್ಳಬೇಕು. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ, ವೈದ್ಯರು ಕೊಟ್ಟ ಔಷಧದಲ್ಲಿ ಸ್ಟೀರಾಯ್ಡ್ (ಊತ ತಗ್ಗಿಸುವ ಮದ್ದು) ಇದ್ದು ಅದರ ಜೊತೆ ಇಂಥ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ.

ಬೆನ್ನಿನ ರೋಗ ಬಾರದ ತಳಿ ಎಂಬುದಿಲ್ಲ. ಜರ್ಮನ್ ಶೆಫರ್ಡ್ ಎಂಟು ವರ್ಷ ದಾಟಿದ ಮೇಲೆ ನೋವೇ ಇಲ್ಲದೆ ಹಿಂಗಾಲು ಸೋಲುವುದುಂಟು. ಎಸ್‌ಒಡಿ1 ಜೀನಿಗೆ ಸಂಬಂಧಿಸಿದ ಈ ಬೆನ್ನುಹುರಿಯ ಸವೆತಕ್ಕೆ ಮದ್ದಿಲ್ಲ. ಡಾಬರ್‌ಮನ್, ಗ್ರೇಟ್ ಡೇನ್‌ಗಳಿಗೆ ಕುತ್ತಿಗೆಯಲ್ಲಿ ಹುರಿ ಒತ್ತುತ್ತದೆ. ಪಗ್ಗಿಗೆ ಮಣಿಗಳೇ ಅರೆಯಾಗಿ ಬೆಳೆಯುತ್ತವೆ. ಬೆನ್ನಲ್ಲದಿದ್ದರೆ ಮಿದುಳು: ಲ್ಯಾಬ್ರಡಾರ್‌ಗಳಲ್ಲಿ ಅಪಸ್ಮಾರ, ಅಂದರೆ ಫಿಟ್ಸ್, ಹೆಚ್ಚು. ಹಾಗೆಂದು ತಳಿಯ ಹೆಸರು ನೋಡಿಯೇ ರೋಗ ನಿರ್ಧರಿಸಬಾರದು: ಲಸಿಕೆಯಿಲ್ಲದ ಯಾವ ಮರಿಗಾದರೂ ಡಿಸ್ಟೆಂಪರ್ ಎಂಬ ವೈರಸ್ ರೋಗದಿಂದ ಫಿಟ್ಸ್ ಬರಬಹುದು, ಹಿಂಗಾಲು ಸೋತು, ಜೊಲ್ಲು ಸುರಿದು, ದನಿ ಬದಲಾದರೆ ಮೊದಲು ಹುಚ್ಚುನಾಯಿ ರೋಗವನ್ನೇ ಶಂಕಿಸಿ ದೂರ ನಿಲ್ಲಬೇಕು.

ಮರಿ ಹಾಕಿಸುವ ಮಾತಿಗೆ ನನ್ನ ಉತ್ತರ ಬೇಡ ಎಂಬುದೇ. ನಮ್ಮ ಸೀಮೆಯಲ್ಲಿ ಹಳ್ಳಿಕಾರ್ ಹೋರಿಯನ್ನು ಕೊಳ್ಳುವವರು ಹಲ್ಲು, ಸುಳಿ, ನಡಿಗೆ ನೋಡಿ, ತಾಯಿ ಹಸು ಯಾರ ಮನೆಯದೆಂದು ಕೇಳದೆ ಹಣ ಎಣಿಸುವುದಿಲ್ಲ. ನಾಯಿಮರಿಗೆ ಸಾವಿರಾರು ರೂಪಾಯಿ ತೆರುವವರು ತಾಯಿಯ ಬೆನ್ನಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲವೆಂಬುದು ನನ್ನನ್ನು ಬಹಳ ನೋಯಿಸುತ್ತದೆ. ಡೆನ್ಮಾರ್ಕಿನಂಥ ನಾರ್ಡಿಕ್ ದೇಶಗಳಲ್ಲಿ ಎರಡರಿಂದ ನಾಲ್ಕು ವರ್ಷದ ಡ್ಯಾಶ್‌ಹಂಡ್‌ಗಳ ಬೆನ್ನನ್ನು ಎಕ್ಸ್‌ರೇ ಮಾಡಿಸಿ, ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸಿ, ಹೆಚ್ಚಿದ್ದವನ್ನು ತಳಿ ಬೆಳೆಸಲು ಬಳಸದಿರುವ ಪದ್ಧತಿಯಿದೆ. ಡಿಸ್ಕ್ ಒಮ್ಮೆ ಹರಿದ ನಿಮ್ಮ ನಾಯಿ ಆ ಪರೀಕ್ಷೆಯನ್ನು ತನ್ನ ಮೈಮೇಲೆಯೇ ಮುಗಿಸಿದೆ. ಗರ್ಭದ ಭಾರವನ್ನೂ ಅದರ ಬೆನ್ನಿಗೆ ಹೊರಿಸಬೇಡಿ. ಮೈಸೂರಿನವರಿಗೆ ಕಾರಣವನ್ನು ತಿಳಿಸಿ, ಅವರ ಗಂಡು ನಾಯಿಯನ್ನು ಬೇರೆ ಕಡೆ ಕೂಡಿಸುವ ಮುನ್ನ ಅದರ ಬೆನ್ನಿಗೂ ಒಂದು ಎಕ್ಸ್‌ರೇ ಮಾಡಿಸಲು ಹೇಳಿ.